ಕ್ರಿಸ್ಮಸ್ ಕಾಲದ ಗಾಯನವೃಂದ ಮತ್ತು ಆರ್ಗನ್ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ನಡುವಿಗೆ ಬಂದೊಡನೆ ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಮತ್ತು ಹಾವೇರಿ ಕಡೆಯ ಗಾಯನವೃಂದದವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಹಾಡು ಯಾವುದು, ಪೇಟಿ (ಹಾರ್ಮೋನಿಯಂ) ಸಾಕೇ, ಜನ ಸಾಲುತ್ತಾರೆಯೇ ಎಂಬುವೇ ಅವು. ಚರ್ಚಿನ ಪೇಟಿಯ ಮುಂದೆ ಬಹಳ ವರ್ಷ ಕುಳಿತ ಅನುಭವದಿಂದ ಅವುಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವು ಉತ್ತರಗಳಲ್ಲಿ ನನ್ನ ಅಭಿರುಚಿಯೂ ಸೇರಿರುವುದನ್ನು ಓದುಗರು ಗಮನಿಸಬೇಕು.

ನಮ್ಮ ಚರ್ಚಿನಲ್ಲಿರುವುದು ಕಾಲಿನಿಂದ ತಿದಿ ತುಳಿದು ನುಡಿಸುವ ಲೆಗ್ ಹಾರ್ಮೋನಿಯಂ. ಅದನ್ನು ಆರ್ಗನ್ ಎನ್ನಬಹುದೇ?

ಎನ್ನಬಹುದು, ಆದರೆ ಯಾವ ಬಗೆಯ ಆರ್ಗನ್ ಎಂಬುದನ್ನು ತಿಳಿದು ಎನ್ನಬೇಕು. ಯುರೋಪಿನ ದೊಡ್ಡ ಚರ್ಚುಗಳಲ್ಲಿರುವುದು ಪೈಪ್ ಆರ್ಗನ್. ಅದರಲ್ಲಿ ತಿದಿಯಿಂದ ಬಂದ ಗಾಳಿಯು ಕೊಳವೆಗಳ ಕೆಳಗಿರುವ ಪೆಟ್ಟಿಗೆಯೊಳಗೆ ಒಂದೇ ಸಮನಾದ ಒತ್ತಡದಲ್ಲಿ ಕಾಯುತ್ತಿರುತ್ತದೆ. ವಾದಕರು ಒಂದು ಮನೆಯನ್ನು (ಕೀಯನ್ನು) ಒತ್ತಿದೊಡನೆ ಆ ಸ್ವರದ ಕೊಳವೆಗೆ ದಾರಿ ತೆರೆದು, ಅದು ಕೊಳಲಿನಂತೆ ನುಡಿಯುತ್ತದೆ. ಕೊಳವೆಗಳು ಸಾಲುಸಾಲಾಗಿರುತ್ತವೆ. ಮನುಷ್ಯರ ಕಂಠಕ್ಕೆ ಸರಿಹೊಂದುವ ಸಾಲಿನಲ್ಲಿ ಅತಿ ಕೆಳಗಿನ ಸ್ವರದ ಕೊಳವೆ ಸುಮಾರು 8 ಅಡಿ ಉದ್ದವಿರುವುದರಿಂದ ಆ ಸಾಲಿಗೆ '8 ಅಡಿ' ಎಂದೇ ಹೆಸರು. 16 ಅಡಿಯದು ಒಂದು ಸಪ್ತಕ ಕೆಳಗೆ, 4 ಅಡಿಯದು ಒಂದು ಸಪ್ತಕ ಮೇಲೆ ನುಡಿಯುತ್ತದೆ. ಯಾವ ಸಾಲು ನುಡಿಯಬೇಕು ಎಂಬುದನ್ನು ಗೊತ್ತುಪಡಿಸುವ ಗುಬುಟುಗಳೇ ಸ್ಟಾಪ್‌ಗಳು.

ನಮ್ಮ ಲೆಗ್ ಹಾರ್ಮೋನಿಯಂನಲ್ಲಿ ಕೊಳವೆಗಳಿಲ್ಲ, ಗಾಳಿಗೆ ಮಿಡಿದು ನುಡಿಯುವ ಹಿತ್ತಾಳೆಯ ರೀಡುಗಳಿವೆ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬ್ಯಾಂ ಎಂಬುವರು 'ಹಾರ್ಮೋನಿಯಂ' ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ ವಾದ್ಯದ ವಂಶ ಇದು. ಪೈಪ್ ಆರ್ಗನ್ ಕೊಳ್ಳಲಾಗದ ಸಣ್ಣ ಚರ್ಚುಗಳಿಗೆ ಅದು ಒದಗಿ ಬಂತು; ಹಡಗಿನಲ್ಲಿ ಬಂದು ನಮ್ಮ ನಾಡಿನ ಚರ್ಚುಗಳನ್ನೂ, ನಾಟಕ ಕಂಪನಿಗಳ ರಂಗದ ಮುಂಭಾಗವನ್ನೂ ಸೇರಿತು. ಗದಗ, ಹುಬ್ಬಳ್ಳಿಗಳಲ್ಲಿ ಕ್ಯಾಂಪ್ ಹಾಕುತ್ತಿದ್ದ ಕಂಪನಿಗಳ ಪೇಟಿ ಮಾಸ್ತರರು ಇರುಳೆಲ್ಲ ತುಳಿಯುತ್ತಿದ್ದುದೂ ಇದನ್ನೇ. ಪೈಪ್ ಆರ್ಗನ್ನಿನಲ್ಲಿ ಇಲ್ಲದ ಒಂದು ಗುಣ ಇದಕ್ಕಿದೆ: ಕಾಲಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡಿದರೆ ಹಿಡಿದ ಸ್ವರವೇ ಏರುತ್ತದೆ, ಇಳಿಯುತ್ತದೆ. ಹಾಡುವವರ ಉಸಿರಿಗೆ ಇಷ್ಟು ಹತ್ತಿರವಾದ ಮನೆಗಳುಳ್ಳ ಇನ್ನೊಂದು ವಾದ್ಯ ನನಗೆ ಗೊತ್ತಿಲ್ಲ. ಆದ್ದರಿಂದ 'ನಮ್ಮಲ್ಲಿ ಬರೀ ಪೇಟಿ ಇದೆ' ಎಂದು ಸಂಕೋಚಪಡುವವರಿಗೆ ನಾನು ಹೇಳುವುದು ಇಷ್ಟೇ, ಪೇಟಿಗೆ ಒಗ್ಗುವ ಸಂಗೀತವನ್ನು ಆರಿಸಿಕೊಳ್ಳಿ. ಪೇಟಿಯಿಂದ ಪೈಪ್ ಆರ್ಗನ್ನಿನ ಅಬ್ಬರವನ್ನು ಬಯಸಬೇಡಿ.

ಈ ಸಂಗೀತ ನಮ್ಮ ಭಾಗಕ್ಕೆ ಯಾವಾಗ ಬಂತು?

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ತಮ್ಮ ಕೇಂದ್ರಗಳನ್ನು ತೆರೆದರು. ಅವರು ಜರ್ಮನ್ ಮತ್ತು ಸ್ವಿಸ್ ಸಭೆಗಳಿಂದ ಬಂದವರಾದ್ದರಿಂದ ಅವರೊಡನೆ ಬಂದದ್ದು ಜರ್ಮನ್ 'ಕೊರಾಲ್', ಅಂದರೆ ಇಡೀ ಸಭೆ ಒಟ್ಟಾಗಿ ಹಾಡುವ, ನಿಧಾನವಾದ, ನಾಲ್ಕು ಧ್ವನಿಗಳ ಗೀತೆ. ನಮ್ಮ ಹಳೆಯ ಸಭೆಗಳಲ್ಲಿ ಇಂದಿಗೂ ಕ್ರಿಸ್ಮಸ್ ಗೀತೆಗಳ ನಡಿಗೆ ಇಂಗ್ಲಿಷ್ ಕ್ಯಾರಲ್‌ಗಳಿಗಿಂತ ಗಂಭೀರವಾಗಿರುವುದಕ್ಕೆ ಇದೇ ಕಾರಣವೆಂದು ನನ್ನ ಭಾವನೆ. 1853ರಲ್ಲಿ ಧಾರವಾಡಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಅವರನ್ನು ನಾವು 1894ರ ನಿಘಂಟಿನಿಂದ ನೆನೆಯುತ್ತೇವೆ. ಆದರೆ ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ' ಎಂದು ಕನ್ನಡದ ಪದ್ಯದಲ್ಲಿ ಬರೆದವರೂ, ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರೂ ಅವರೇ. ಹೊರಗಿನ ರಾಗಕ್ಕೆ ಕನ್ನಡದ ಪದ ಕೂಡಿಸುವುದರ ಕಷ್ಟ ಅವರಿಗೆ ಚೆನ್ನಾಗಿ ತಿಳಿದಿರಬೇಕು. ಆ ಕಷ್ಟದ ಮಾತು ಮುಂದೆ ಬರುತ್ತದೆ.

ಆಗಮನ ಕಾಲದ ಹಾಡುಗಳು ಬೇರೆ, ಕ್ರಿಸ್ಮಸ್ ಹಾಡುಗಳು ಬೇರೆಯೇ?

ಬೇರೆ. ನವೆಂಬರ್ 30ಕ್ಕೆ ಅತ್ಯಂತ ಸಮೀಪದ ರವಿವಾರದಿಂದ, ಎಂದರೆ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುವ ರವಿವಾರದಿಂದ, ಆಗಮನ ಕಾಲ ತೊಡಗುತ್ತದೆ. ಅದು ಕಾಯುವ ಕಾಲ. ಅದರ ಹಾಡುಗಳ ಸ್ವರವೂ ಮಬ್ಬುಮಬ್ಬಾಗಿರುತ್ತದೆ. ನಾಲ್ಕನೆಯ ಶತಮಾನದ ಅಂಬ್ರೋಸರ ಲ್ಯಾಟಿನ್ ಗೀತೆಯನ್ನು ಮಾರ್ಟಿನ್ ಲೂಥರ್ 1524ರಲ್ಲಿ ಜರ್ಮನ್‌ಗೆ ತಂದರು. ಆ ಗೀತೆಯ ಮೇಲಿನ ಪುಟ್ಟ ಆರ್ಗನ್ ರಚನೆಯಿಂದಲೇ ಜರ್ಮನ್ ಸಂಗೀತಕಾರ ಬಾಖ್ ತಮ್ಮ 'ಆರ್ಗನ್ ಕಿರುಹೊತ್ತಗೆ'ಯನ್ನು ಆರಂಭಿಸಿದ್ದಾರೆ. 'ಇಮ್ಮಾನುಯೇಲನೇ ಬಾ' ಎಂದು ಕರೆಯುವ ಗೀತೆಯೂ ಈ ಕಾಲದ್ದೇ. ನಮ್ಮಲ್ಲಿ ಮನೆಮನೆಗೆ ಹೋಗುವ ಕ್ಯಾರಲ್ ರೌಂಡ್ಸ್ ಡಿಸೆಂಬರ್ ಮೊದಲ ವಾರದಲ್ಲಿಯೇ ತೊಡಗುವುದರಿಂದ ಈ ವ್ಯತ್ಯಾಸ ಅಳಿಸಿಹೋಗುತ್ತಿದೆ. ಹುಬ್ಬಳ್ಳಿಯ ಕೇಶ್ವಾಪುರದ ಓಣಿಯಲ್ಲಿ ಹತ್ತು ಗಂಟೆಯ ರಾತ್ರಿ ಕಾಯುತ್ತ ಕುಳಿತ ಮನೆಯವರ ಮುಂದೆ ಆಗಮನದ ಶೋಕಸ್ವರ ಹಾಡಿರೆಂದು ನಾನು ಹೇಳಲಾರೆ. ಮನೆಗಳಲ್ಲಿ ಜನನದ ಹಾಡನ್ನೇ ಹಾಡಿ. ಚರ್ಚಿನೊಳಗೆ ಮಾತ್ರ ಮೂರನೆಯ ರವಿವಾರದವರೆಗಾದರೂ ಆಗಮನದ ಹಾಡುಗಳನ್ನು ಉಳಿಸಿಕೊಂಡರೆ 24ರ ರಾತ್ರಿಯ ಮೊದಲ ಜನನಗೀತೆಗೆ ಒಂದು ತೂಕ ಬರುತ್ತದೆ.

ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದದ್ದರಿಂದ 'ಶಾಂತ ರಾತ್ರಿ' ಹುಟ್ಟಿತೆಂಬ ಕಥೆ ನಿಜವೇ?

ಕಥೆ ಚೆನ್ನಾಗಿದೆ, ಆಧಾರವಿಲ್ಲ. ಯೋಸೆಫ್ ಮೋರ್ ಎಂಬ ಪಾದ್ರಿ ಈ ಕವಿತೆಯನ್ನು 1816ರಲ್ಲಿಯೇ ಬರೆದಿದ್ದರು. ಆಸ್ಟ್ರಿಯಾದ ಓಬರ್ನ್‌ಡೋರ್ಫ್‌ನಲ್ಲಿ 1818ರ ಡಿಸೆಂಬರ್ 24ರಂದು ಶಾಲಾಮಾಸ್ತರರೂ ಆರ್ಗನ್ ವಾದಕರೂ ಆಗಿದ್ದ ಫ್ರಾಂಜ್ ಗ್ರೂಬರ್ ಅದಕ್ಕೆ ರಾಗ ಕಟ್ಟಿ, ಅಂದಿನ ರಾತ್ರಿ ಇಬ್ಬರೂ ಗಿಟಾರ್ ಜೊತೆಗೆ ಹಾಡಿದರು. ಪ್ರತಿ ಚರಣದ ಕೊನೆಯನ್ನು ವೃಂದದವರು ಮರಳಿ ಹಾಡಿದರು. ಗ್ರೂಬರ್ ಮುಂದೆ 1854ರಲ್ಲಿ ಬರೆದಿಟ್ಟ ವಿವರಣೆಯಲ್ಲಿ ಕೆಟ್ಟ ಆರ್ಗನ್ನಿನ ಮಾತಿಲ್ಲ, ಇಲಿಯ ಮಾತಂತೂ ಇಲ್ಲವೇ ಇಲ್ಲ. ಆದರೂ ಈ ಹುಟ್ಟಿನಿಂದ ವಾದಕರು ಕಲಿಯುವುದಿದೆ. ಇದು ಎರಡು ಕಂಠ ಮತ್ತು ಒಂದು ಗಿಟಾರಿಗಾಗಿ ಹುಟ್ಟಿದ ಜೋಗುಳ. ಎಲ್ಲ ಸ್ಟಾಪ್ ಎಳೆದು ನುಡಿಸಿದರೆ ಮಗು ಎದ್ದು ಕೂಡುತ್ತದೆ. ಮೊದಲ ಚರಣವನ್ನು ವಾದ್ಯವಿಲ್ಲದೆ ಹಾಡಿಸಿ, ಎರಡನೆಯದಕ್ಕೆ ಒಂದೇ ರೀಡಿನ ಸಾಲನ್ನು ಮೆಲ್ಲಗೆ ಕೂಡಿಸಿ ನೋಡಿ.

ಕ್ರಿಸ್ಮಸ್ ದಿನ 'ಹಾಲೆಲೂಯಾ ಕೋರಸ್' ಹಾಡಲೇಬೇಕೆಂದು ಯುವಕರು ಹಟ ಹಿಡಿದಿದ್ದಾರೆ. ಏನು ಮಾಡಬೇಕು?

ಹಾಡಬಾರದೆಂದಿಲ್ಲ, ಆದರೆ ಅದು ಕ್ರಿಸ್ಮಸ್ ಹಾಡಲ್ಲ. ಸಂಗೀತಕಾರ ಹ್ಯಾಂಡಲ್ ತಮ್ಮ 'ಮೆಸ್ಸಾಯ' ಎಂಬ ದೊಡ್ಡ ಗಾಯನಕೃತಿಯನ್ನು 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರವರೆಗಿನ 24 ದಿನಗಳಲ್ಲಿ ಬರೆದರು. ಅದು ಮೊದಲು ಕೇಳಿಬಂದದ್ದು 1742ರ ಏಪ್ರಿಲ್ 13ರಂದು, ಡಬ್ಲಿನ್ನಿನಲ್ಲಿ, ಕ್ರಿಸ್ಮಸ್ ಕಳೆದು ಎಷ್ಟೋ ದಿನಗಳಾದ ಮೇಲೆ. ಮೂರು ಭಾಗಗಳ ಆ ಕೃತಿಯಲ್ಲಿ ಹಾಲೆಲೂಯಾ ಬರುವುದು ಎರಡನೆಯ ಭಾಗದ ಕೊನೆಗೆ, ಮಾತುಗಳು ಪ್ರಕಟನೆ ಗ್ರಂಥದವು. ಜನನದ ಭಾಗ ಮೊದಲನೆಯದು: ಯೆಶಾಯ 9ನೆಯ ಅಧ್ಯಾಯದ ಮಗುವಿನ ವಚನದ ಕೋರಸ್, ಕುರುಬರಿಗೆ ದೂತರು ಹಾಡುವ ಮಹಿಮೆಯ ಕೋರಸ್. ಇವು ಎರಡೂ ಕಷ್ಟದವು. ಹಾಲೆಲೂಯಾ ಇನ್ನೂ ಕಷ್ಟದ್ದು. ಟೆನರ್ ದನಿಯವರು (ಮೇಲಿನ ಗಂಡುದನಿಯವರು) ಇಬ್ಬರೇ ಇರುವ ವೃಂದದಲ್ಲಿ ಅದು ಅರ್ಧಕ್ಕೇ ಉಬ್ಬಸ ಬಂದು ನಿಲ್ಲುವುದನ್ನು ನಾನು ಕಂಡಿದ್ದೇನೆ.

ಅದರ ಬದಲು ಅದೇ ಮೊದಲ ಭಾಗದಲ್ಲಿರುವ, ಹಾಡಿಲ್ಲದ ಪುಟ್ಟ ವಾದ್ಯಭಾಗವನ್ನು ಪೇಟಿಯಲ್ಲಿ ನುಡಿಸಿ. ಹ್ಯಾಂಡಲ್ ಅದಕ್ಕೆ 'ಪೀಫಾ' ಎಂದು ಹೆಸರಿಟ್ಟಿದ್ದರು. ಕ್ರಿಸ್ಮಸ್ ಹೊತ್ತಿಗೆ ಬೆಟ್ಟದಿಂದಿಳಿದು ರೋಮಿನ ಬೀದಿಗಳಲ್ಲಿ ಊದುತ್ತಿದ್ದ ಇಟಲಿಯ ಕುರುಬರ ವಾದ್ಯದ ನೆನಪು ಅದು. ಕೆಳಗೆ ಒಂದೇ ಸ್ವರ ಶ್ರುತಿಪೆಟ್ಟಿಗೆಯಂತೆ ನಿಂತಿರುತ್ತದೆ, ಮೇಲೆ ಮೂರು ಮೂರು ಮಾತ್ರೆಗಳ ತೂಗಾಟ. ಕೊರೆಲ್ಲಿಯವರ ಕ್ರಿಸ್ಮಸ್ ಕನ್ಸರ್ಟೊದ ಕೊನೆಯಲ್ಲಿಯೂ, ಬಾಖ್‌ರ ಕ್ರಿಸ್ಮಸ್ ಓರಟೋರಿಯೊದ (ಬೈಬಲ್ ಕಥೆಯ ಗಾಯನಕೃತಿಯ) ಎರಡನೆಯ ಭಾಗದ ಮೊದಲಿಗೂ ಇದೇ ತೂಗಾಟವಿದೆ. ಕಂಬಳಿ ಹೊದ್ದು ಕುರಿ ಕಾಯುವವರನ್ನು ದಿನವೂ ಕಾಣುವ ಊರುಗಳವರಿಗೆ ಈ ಸಂಗೀತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲಮನೆಗಳಿಲ್ಲದ ಪೇಟಿಯಲ್ಲಿ ನುಡಿಸಬಹುದಾದ ಆರ್ಗನ್ ಕೃತಿಗಳು ಯಾವುವು?

ಬಾಖ್‌ರ 'ಆರ್ಗನ್ ಕಿರುಹೊತ್ತಗೆ'ಯ 46 ಕೃತಿಗಳು ಕಾಲಿನಿಂದ ನುಡಿಸುವ ಮನೆಗಳಿಲ್ಲದೆ ಆಗುವುದಿಲ್ಲ. ಅವನ್ನು ಕೇಳಿ, ನುಡಿಸಲು ಹೋಗಬೇಡಿ. ಅವರ ನಾಲ್ಕು ಧ್ವನಿಯ ಕೊರಾಲ್‌ಗಳನ್ನು ಮಾತ್ರ ಎರಡು ಕೈಗಳಲ್ಲಿ ಧಾರಾಳವಾಗಿ ನುಡಿಸಬಹುದು. ಫ್ರಾನ್ಸಿನ ದಾಕ್ಯಾಂ ತಮ್ಮ ದೇಶದ ಜಾನಪದ ಕ್ರಿಸ್ಮಸ್ ಹಾಡುಗಳ ಮೇಲೆ 12 ಕೃತಿಗಳನ್ನು ಬರೆದಿದ್ದಾರೆ. ಆರ್ಗನ್ನಿಗೂ ಹಾರ್ಪ್ಸಿಕಾರ್ಡಿಗೂ ಒಗ್ಗುವಂತೆ ಬರೆದವಾದ್ದರಿಂದ ಅವುಗಳಲ್ಲಿ ಹಲವು ಪೇಟಿಗೆ ದಕ್ಕುತ್ತವೆ. ನನ್ನ ಮೊದಲ ಶಿಫಾರಸು ಬೇರೆ: ಸೆಸಾರ್ ಫ್ರಾಂಕ್ ಸಾಯುವ ಮುನ್ನ, 1889-90ರಲ್ಲಿ, ಹಾರ್ಮೋನಿಯಂಗಾಗಿಯೇ ಬರೆದ 59 ಪುಟ್ಟ ರಚನೆಗಳ ಸಂಗ್ರಹ. ಅದರಲ್ಲಿ ಹಳೆಯ ಫ್ರೆಂಚ್ ಕ್ರಿಸ್ಮಸ್ ಹಾಡುಗಳ ಮೇಲಿನವೂ ಇವೆ. ಪ್ಯಾರಿಸ್ಸಿನ ದೊಡ್ಡ ಆರ್ಗನ್ನಿನ ಮುಂದೆ ಮೂರು ದಶಕ ಕುಳಿತ ವ್ಯಕ್ತಿಯೇ ನಮ್ಮ ಪೇಟಿಗೆ ಇಷ್ಟು ಗೌರವ ಕೊಟ್ಟಿರುವಾಗ ನಾವೇಕೆ ನಾಚಬೇಕು?

ಪೈಪ್ ಆರ್ಗನ್ನನ್ನು ಕೇಳುವುದೆಲ್ಲಿ?

ನಮ್ಮ ಸುತ್ತಮುತ್ತ ಅದು ಸಿಗುವುದಿಲ್ಲ. ಚೆನ್ನೈನ ಸೇಂಟ್ ಜಾರ್ಜ್ ಕೆಥೆಡ್ರಲ್, ಕೋಲ್ಕತ್ತಾದ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗಳಲ್ಲಿ ಇದೆ. ಮನೆಯಲ್ಲಿಯೇ ಕೇಳಬೇಕೆಂದರೆ ಡಿಸೆಂಬರ್ 24ರಂದು ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಆರಾಧನೆ ಬಿಬಿಸಿಯಲ್ಲಿ ನೇರ ಪ್ರಸಾರವಾಗುತ್ತದೆ. ಅಲ್ಲಿನ ಮಧ್ಯಾಹ್ನದ ಮೂರು ಗಂಟೆ ನಮಗೆ ರಾತ್ರಿ ಎಂಟೂವರೆ.

ಪೇಟಿ ಮಾಸ್ತರರಿಗೆ ಹಿಂದೂಸ್ತಾನಿ ಗೊತ್ತು, ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಗೊತ್ತಿಲ್ಲ. ಅವರು ಈ ಸಂಗೀತ ನುಡಿಸಬಲ್ಲರೇ?

ಖಂಡಿತ ಬಲ್ಲರು, ಧಾರವಾಡ-ಗದಗಿನಲ್ಲಿ ಇಂಥವರು ಸಿಗುವುದು ನಮ್ಮ ಭಾಗ್ಯ. ಚರ್ಚುಗಳಲ್ಲಿ ಬಳಕೆಯಲ್ಲಿರುವ ಟಾನಿಕ್ ಸೋಲ್ಫಾ ಎಂಬ ಬರವಣಿಗೆಯನ್ನು ಇಂಗ್ಲೆಂಡಿನ ಸಾರಾ ಗ್ಲೋವರ್ ಅವರ ಪದ್ಧತಿಯ ಮೇಲೆ ಜಾನ್ ಕರ್ವೆನ್ 19ನೆಯ ಶತಮಾನದಲ್ಲಿ ಬೆಳೆಸಿದರು. ಅದರ 'ದೋ' ನಮ್ಮ ಷಡ್ಜದಂತೆ ಎಲ್ಲಿ ಬೇಕಾದರೂ ಕೂಡುತ್ತದೆ. ದೋ, ರೇ, ಮಿ, ಫಾ ಎಂದರೆ ಬಿಲಾವಲ್ ಥಾಟಿನ ಸ, ರಿ, ಗ, ಮ. ಹಾಡು ಎಫ್ ಶ್ರುತಿಯಲ್ಲಿದ್ದರೆ ಬಿಳಿ ನಾಲ್ಕರಲ್ಲಿ ಷಡ್ಜ, ಜಿ ಆಗಿದ್ದರೆ ಬಿಳಿ ಐದರಲ್ಲಿ. ಒಂದು ಕಡೆ ಮಾತ್ರ ಎಚ್ಚರ ಬೇಕು. ಮೈನರ್ ಹಾಡುಗಳಲ್ಲಿ ಸೋಲ್ಫಾ ಬರೆಯುವವರು 'ಲಾ' ಎಂಬುದನ್ನು ನೆಲೆಯಾಗಿ ಹಿಡಿಯುತ್ತಾರೆ. ಪೇಟಿ ಮಾಸ್ತರರು ಆ ಲಾವನ್ನೇ ಷಡ್ಜವೆಂದು ತಿಳಿದು ನುಡಿಸಬೇಕು. ಆಗ ಇಮ್ಮಾನುಯೇಲನ ಗೀತೆ ಆಸಾವರಿ ಥಾಟಿನಲ್ಲಿ ಸಲೀಸಾಗಿ ಕೂಡುತ್ತದೆ.

ಕಲಿಯುವುದಕ್ಕಿಂತ ಮರೆಯುವುದು ಅವರಿಗೆ ಹೆಚ್ಚು ಕಷ್ಟ. ಹಾಡುವವರ ಹಿಂದೆ ಸ್ವರ ಹಿಡಿದು ಹೋಗುವುದು, ಖಾಲಿ ಸಿಕ್ಕಲ್ಲಿ ಒಂದು ತಾನ್ ತುಂಬುವುದು ಅವರ ಕೈಗೆ ಅಂಟಿದ ರೂಢಿ. ಇಲ್ಲಿ ಆರ್ಗನ್ ಹಿಂದೆ ಹೋಗುವುದಿಲ್ಲ, ಸಭೆಯನ್ನು ಮುಂದೆ ನಿಂತು ಕರೆದೊಯ್ಯುತ್ತದೆ. ಸಾಲು ಮುಗಿದಲ್ಲಿ ಕೈ ಎತ್ತಿ ಉಸಿರಿಗೆ ಎಡೆ ಕೊಡಬೇಕೇ ಹೊರತು ಅದನ್ನು ಸ್ವರದಿಂದ ತುಂಬಬಾರದು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾರದ, ಸ್ಥಿರ ಸ್ವರಗಳ ವಾದ್ಯವೆಂಬ ಆಕ್ಷೇಪಣೆಯಿಂದ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತಷ್ಟೇ. ನಾಲ್ಕು ಧ್ವನಿಗಳು ಒಂದರ ಮೇಲೊಂದು ನಿಲ್ಲಬೇಕಾದ ಈ ಸಂಗೀತದಲ್ಲಿ ಆ ದೋಷವೇ ಗುಣವಾಗುತ್ತದೆ.

ಕನ್ನಡದ ಪದಗಳು ಪಾಶ್ಚಾತ್ಯ ರಾಗಕ್ಕೆ ಏಕೆ ತೊಡರುತ್ತವೆ?

ಇದು ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು. ಜರ್ಮನ್ ಮತ್ತು ಇಂಗ್ಲಿಷ್ ಗೀತೆಗಳು ಉಚ್ಚಾರದ ಒತ್ತನ್ನೂ ಅಕ್ಷರಗಳ ಎಣಿಕೆಯನ್ನೂ ನೋಡಿ ನಡೆಯುತ್ತವೆ. ಕನ್ನಡ ಮಾತ್ರೆಯನ್ನು ನೋಡಿ ನಡೆಯುತ್ತದೆ; ಹ್ರಸ್ವ ಹ್ರಸ್ವವಾಗಿಯೇ, ದೀರ್ಘ ದೀರ್ಘವಾಗಿಯೇ ಕೇಳಬೇಕು. ಎಂಟು ಅಕ್ಷರಗಳ ಸಾಲಿಗೆ ಎಂಟು ಅಕ್ಷರ ಎಣಿಸಿ ಕೂಡಿಸಿದರೆ ಲೆಕ್ಕ ಸರಿಯಾಗುತ್ತದೆ, ಮಾತು ಕೆಡುತ್ತದೆ. ಒಮ್ಮೆ ನಮ್ಮ ತಾಲೀಮಿನಲ್ಲಿ 'ದೇವರ ಬಲ' ಎಂಬ ಮಾತಿನ 'ಬ' ಅಕ್ಷರ ಉದ್ದ ಸ್ವರದ ಮೇಲೆ ಬಿತ್ತು. ಹಿಂದಿನ ಸಾಲಿನ ಹುಡುಗನೊಬ್ಬ ಕಿಸಕ್ಕನೆ ನಕ್ಕ. ಏನೆಂದು ಕೇಳಿದರೆ, 'ಸರ್, ದೇವರ ಬಾಲ ಅಂತ ಕೇಳಸ್ತೈತ್ರೀ' ಎಂದ. ಅಂದಿನಿಂದ ಆ ಸಾಲು ಬಂದಾಗ ಯಾರಿಂದಲೂ ನೆಟ್ಟಗೆ ಹಾಡಲಾಗಲಿಲ್ಲ. ಕೊನೆಗೆ ಪದವನ್ನೇ ಬದಲಿಸಿದೆವು.

ಎರಡನೆಯ ತೊಡಕು ತಾಳದ್ದು. ಕನ್ನಡದ ಮಾತಿನ ಬಲ ಮೊದಲ ಅಕ್ಷರದಲ್ಲಿರುತ್ತದೆ. ರಾಗ ಪೆಟ್ಟಿನ ಮೇಲೆಯೇ ಆರಂಭವಾದರೆ, 'ಶಾಂತ ರಾತ್ರಿ'ಯಲ್ಲಿ ಆಗುವಂತೆ, ಕನ್ನಡ ತಾನಾಗಿ ಕೂಡುತ್ತದೆ. ಲೂಥರರ 'ಸ್ವರ್ಗದೆತ್ತರದಿಂದ' ಎಂಬ ಗೀತೆಯಂತೆ ಪೆಟ್ಟಿಗಿಂತ ಮೊದಲೇ ಒತ್ತಿಲ್ಲದ ಒಂದು ಸ್ವರವಿದ್ದರೆ ಪದದ ಮೊದಲ ಅಕ್ಷರ ಅದರ ಮೇಲೆ ಬಿದ್ದು ಎರಡನೆಯ ಅಕ್ಷರಕ್ಕೆ ಪೆಟ್ಟು ಬೀಳುತ್ತದೆ. ಅಲ್ಲಿ ನಮಗೊಂದು ಅನುಕೂಲವೂ ಇದೆ: ನಮ್ಮ ಆದಿಪ್ರಾಸ ನಿಲ್ಲುವುದು ಎರಡನೆಯ ಅಕ್ಷರದಲ್ಲಿಯೇ ಆದ್ದರಿಂದ, ಪ್ರಾಸವಿಟ್ಟು ಬರೆದರೆ ಪ್ರತಿ ಸಾಲಿನ ಪೆಟ್ಟೂ ಪ್ರಾಸಾಕ್ಷರದ ಮೇಲೆ ಬೀಳುತ್ತದೆ. ಹೊಸದಾಗಿ ಪದ ಬರೆಯುವವರು ಇದನ್ನು ಬಳಸಿಕೊಳ್ಳಬೇಕು.

ಛಂದಸ್ಸಿನ ಆಯ್ಕೆಯಲ್ಲಿಯೂ ವಿವೇಕ ಬೇಕು. ಗದುಗಿನ ವೀರನಾರಾಯಣನ ಸನ್ನಿಧಿಯ ಕವಿಯಿಂದ ನಮ್ಮ ಕಿವಿಗೆ ಭಾಮಿನಿ ಷಟ್ಪದಿ ಅಂಟಿದೆ. ಆದರೆ ಅದರ ಮೂರು-ನಾಲ್ಕರ ನಡೆ ಏಳು ಮಾತ್ರೆಯದು, ಕ್ರಿಸ್ಮಸ್ ರಾಗಗಳಲ್ಲಿ ಅದಕ್ಕೆ ಹೊಂದುವುದು ಸಿಗುವುದು ಅಪರೂಪ. ಆರು ಮಾತ್ರೆಯಲ್ಲಿ ತೂಗುವ ಕುರುಬರ ರಾಗಗಳಿಗೆ ಮೂರು ಮಾತ್ರೆಯ ಗಣಗಳ ಭೋಗ ಷಟ್ಪದಿಯ ನಡೆ, ನಾಲ್ಕರ ನಡಿಗೆಯ ಕೊರಾಲ್‌ಗಳಿಗೆ ಶರ ಷಟ್ಪದಿಯ ನಡೆ ಒಗ್ಗುತ್ತದೆ. ಪದಗಳ ವಿಷಯದಲ್ಲಿ ಒಂದು ಮಾತು. ಲೂಕನ ಸುವಾರ್ತೆಯ 'ಗೋದಲಿ' ಎಂಬ ಪದವನ್ನು ನಗರದ ಮಕ್ಕಳು ಚರ್ಚಿನ ಪದವೆಂದೇ ತಿಳಿದಿದ್ದಾರೆ. ಅದು ನಮ್ಮ ಹಳ್ಳಿಗಳ ದನದ ಮನೆಯ ಗ್ವಾದಲಿಯೇ ಎಂದು ಹೇಳಿದ ದಿನ ಅವರ ಹಾಡಿನ ದನಿಯೇ ಬದಲಾಯಿತು.

ನಮ್ಮ ವೃಂದದಲ್ಲಿ ಎಂಟೇ ಜನರಿದ್ದಾರೆ. ನಾಲ್ಕು ಧ್ವನಿಗಳಲ್ಲಿ ಹಾಡಲೇಬೇಕೇ?

ಬೇಡ. ನಾಲ್ಕು ಧ್ವನಿ ಅರ್ಧಂಬರ್ಧ ಬರುವುದಕ್ಕಿಂತ ಎರಡು ಧ್ವನಿ ಶುದ್ಧವಾಗಿ ಬರುವುದು ಮೇಲು. ಸೊಪ್ರಾನೊ (ಮೇಲಿನ ಹೆಣ್ಣುದನಿ) ಮತ್ತು ಆಲ್ಟೊ (ಕೆಳಗಿನ ಹೆಣ್ಣುದನಿ) ಹಾಡಲಿ, ಗಂಡಸರು ಸೊಪ್ರಾನೊವನ್ನೇ ಒಂದು ಸಪ್ತಕ ಕೆಳಗೆ ಹಾಡಲಿ, ಟೆನರ್ ಮತ್ತು ಬೇಸ್‌ಗಳನ್ನು (ಮೇಲಿನ ಮತ್ತು ಕೆಳಗಿನ ಗಂಡುದನಿಗಳನ್ನು) ಪೇಟಿಯ ಎಡಗೈ ನೋಡಿಕೊಳ್ಳಲಿ. ಒಂದೇ ಹಾಡಿನ ಮಟ್ಟಿಗೆ ನಾಲ್ಕು ಧ್ವನಿ ಮಾಡುವ ಹಂಬಲವಿದ್ದರೆ ಜರ್ಮನ್ ಸಂಗೀತಕಾರ ಪ್ರೆಟೋರಿಯಸ್ 1609ರಲ್ಲಿ ನಾಲ್ಕು ಧ್ವನಿಗೆ ಕೂಡಿಸಿದ 'ಗುಲಾಬಿ ಚಿಗುರಿತು' ಎಂಬರ್ಥದ ಜರ್ಮನ್ ಗೀತೆಯನ್ನು ಆರಿಸಿಕೊಳ್ಳಿ. ಯಾವ ಧ್ವನಿಯೂ ಅತಿ ಮೇಲಕ್ಕೆ ಹೋಗುವುದಿಲ್ಲ.

ಕೀಬೋರ್ಡ್ ನುಡಿಸುವವರಿಗೆ ಏನು ಹೇಳುವಿರಿ?

ರಿದಮ್ ಬಟನ್ ಮುಟ್ಟಬೇಡಿ ಎಂಬುದು ಮೊದಲ ಮಾತು. ಪೈಪ್ ಆರ್ಗನ್ ಸದ್ದನ್ನು ಆರಿಸಿ, ಬೆರಳಿನ ಒತ್ತಡಕ್ಕೆ ದನಿ ಏರಿಳಿಯುವ ಟಚ್ ವ್ಯವಸ್ಥೆಯನ್ನು ತೆಗೆದುಬಿಡಿ, ಏಕೆಂದರೆ ಆರ್ಗನ್ ಎಷ್ಟು ಜೋರಾಗಿ ಒತ್ತಿದರೂ ಅಷ್ಟೇ ನುಡಿಯುತ್ತದೆ. ಸಸ್ಟೇನ್ ಪೆಡಲ್ ಬಳಸದೆ ಬೆರಳುಗಳಿಂದಲೇ ಸ್ವರಗಳನ್ನು ಜೋಡಿಸಬೇಕು. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಬೆರಳನ್ನು ಎತ್ತಲೇಬೇಕು, ಇಲ್ಲವಾದರೆ ಸಭೆಗೆ ತಾಳ ತಿಳಿಯುವುದಿಲ್ಲ. ಸ್ಪೀಕರನ್ನು ವೃಂದದ ಹಿಂದೆ ಇಡಿ. ಗಂಟೆಯ ಸದ್ದು ಬೇಕೆನ್ನುವವರು ಕೀಬೋರ್ಡಿನ ಕೃತಕ ಕಿಣಿಕಿಣಿಯನ್ನು ಬಿಟ್ಟು ಒಬ್ಬ ಹುಡುಗಿಯ ಕೈಗೆ ಎತ್ತಿನ ಕೊರಳ ಗೆಜ್ಜೆಸರ ಕೊಡಲಿ. ಇದು ನನ್ನ ಹುಚ್ಚಲ್ಲ. ಹಲವು ಜರ್ಮನ್ ಆರ್ಗನ್‌ಗಳ ಮುಖದ ಮೇಲೆ ಗಾಳಿಯಿಂದ ತಿರುಗುವ ನಕ್ಷತ್ರವೊಂದಿದ್ದು, ಅದು ತಿರುಗುವಾಗ ಪುಟ್ಟ ಗಂಟೆಗಳು ನುಡಿಯುತ್ತವೆ.

24ರ ರಾತ್ರಿ ಕರೆಂಟ್ ಹೋದರೆ?

ಹೋಗುತ್ತದೆ ಎಂದೇ ತಿಳಿದು ಸಿದ್ಧವಾಗಿರಿ. ಕೆಲವು ವರ್ಷಗಳ ಹಿಂದೆ ಎರಡನೆಯ ಚರಣದ ನಡುವೆ ದೀಪ ಹೋಗಿ ಕೀಬೋರ್ಡ್ ಮೂಕವಾಯಿತು. ಸಭೆ ಹಾಡನ್ನು ಬಿಡಲಿಲ್ಲ. ಮೇಣದ ಬತ್ತಿಗಳ ಬೆಳಕಿನಲ್ಲಿ ಅದು ಚೆನ್ನಾಗಿಯೇ ಇತ್ತು. ಎಡವಟ್ಟು ಮಾಡಿದವನು ನಾನು. ಒಳಕೋಣೆಯಿಂದ ಹಳೆಯ ಲೆಗ್ ಹಾರ್ಮೋನಿಯಂ ತರಿಸಿ, ಮೂರನೆಯ ಚರಣಕ್ಕೆ ಕೂಡಿಕೊಂಡೆ. ಅದರ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಮೇಲಿತ್ತು. ಸೊಪ್ರಾನೊ ಹುಡುಗಿಯರು ಕತ್ತೆತ್ತಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಇಂದಿನ ವಾದ್ಯಗಳು ಒಪ್ಪಿಕೊಂಡಿರುವ 440ರ (ಸೆಕೆಂಡಿಗೆ 440 ಕಂಪನಗಳ) ಶ್ರುತಿಗಿಂತ ಹಳೆಯ ಪೇಟಿಗಳು ಮೇಲಿರುವುದುಂಟು. ಈಗ ನಾವು ಡಿಸೆಂಬರ್ ಮೊದಲ ವಾರದಲ್ಲಿಯೇ ಎರಡನ್ನೂ ಹೋಲಿಸಿ ನೋಡಿ, ಪೇಟಿಯಲ್ಲಿ ಒಂದು ಮನೆ ಕೆಳಗೆ ನುಡಿಸಬೇಕಾದ ಹಾಡುಗಳ ಚೀಟಿಯನ್ನು ಅದರ ಮುಚ್ಚಳದೊಳಗೆ ಅಂಟಿಸಿಡುತ್ತೇವೆ.

'ಒಂಬತ್ತು ಪಾಠಗಳ' ಆರಾಧನೆಯನ್ನು ಕನ್ನಡದಲ್ಲಿ ಮಾಡಬಹುದೇ?

ಮಾಡಬಹುದು. 1880ರಲ್ಲಿ ಇಂಗ್ಲೆಂಡಿನ ಟ್ರೂರೊದಲ್ಲಿ ಬಿಷಪ್ ಬೆನ್ಸನ್ ಇದನ್ನು ಆರಂಭಿಸಿದರು. ಕಿಂಗ್ಸ್ ಕಾಲೇಜಿನಲ್ಲಿ 1918ರಲ್ಲಿ, ಮಹಾಯುದ್ಧ ಮುಗಿದ ವರ್ಷವೇ, ಎರಿಕ್ ಮಿಲ್ನರ್-ವೈಟ್ ಅದನ್ನು ನಡೆಸಿದರು. ಆದಿಕಾಂಡ 3 ಮತ್ತು 22, ಯೆಶಾಯ 9 ಮತ್ತು 11, ಲೂಕನ ಮೊದಲ ಎರಡು ಅಧ್ಯಾಯಗಳಿಂದ ಮೂರು, ಮತ್ತಾಯ 2, ಕೊನೆಗೆ ಯೋಹಾನ 1, ಹೀಗೆ ಒಂಬತ್ತು ಓದುಗಳು. ಪ್ರತಿಯೊಂದರ ನಂತರ ಹಾಡು. ಅಲ್ಲಿ ಆರಂಭಗೀತೆಯ ಮೊದಲ ಚರಣವನ್ನು ಒಬ್ಬ ಹುಡುಗ ವಾದ್ಯವಿಲ್ಲದೆ ಹಾಡುತ್ತಾನೆ. ಇಡೀ ಆರಾಧನೆ ಒಂದೂವರೆ ಗಂಟೆ ಹಿಡಿಯುವುದರಿಂದ ಸಣ್ಣ ಸಭೆಗಳು ಐದು ಓದುಗಳಿಗೆ ಇಳಿಸಿಕೊಳ್ಳಬಹುದು. ಆದರೆ ಕೊನೆಯ ಯೋಹಾನನ ಓದನ್ನು ಬಿಡಬಾರದು.

ಕ್ಯಾರಲ್ ರೌಂಡ್ಸ್ ಮುಗಿಯುವ ಹೊತ್ತಿಗೆ ಎಲ್ಲರ ಗಂಟಲೂ ಕಟ್ಟಿರುತ್ತದೆ. ಉಪಾಯವೇನು?

ಪ್ರತಿ ಮನೆಯಲ್ಲಿ ಕೊಡುವ ಚಕ್ಕಲಿ, ಕರ್ಚಿಕಾಯಿ, ಮಿರ್ಚಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ಕೊನೆಯ ಮನೆಯ ಹಾಡು ಮುಗಿದ ಮೇಲೆ ತಿನ್ನಿ. ಬಿಸಿನೀರನ್ನು ಜೊತೆಗೆ ಒಯ್ಯಿರಿ. ಟೆಂಪೊದಲ್ಲಿ ಹೋಗುವಾಗ ಚಳಿಗಾಳಿಗೆ ಬಾಯಿ ತೆರೆದು ಹಾಡಬೇಡಿ.

ಪೇಟಿಯನ್ನು ಸ್ವಚ್ಛಗೊಳಿಸುವುದು ಹೇಗೆ?

ಆಗಮನದ ಮೊದಲ ರವಿವಾರಕ್ಕೆ ಎರಡು ವಾರ ಮುಂಚೆ ಹಿಂಬದಿಯ ಹಲಗೆ ಬಿಚ್ಚಿ ನೋಡಿ. ಕಳೆದ ಸಲ ನಾವು ಬಿಚ್ಚಿದಾಗ ತಿದಿಯ ಮಡಿಕೆಯಲ್ಲಿ ಇಲಿಯ ಗೂಡು ಸಿಕ್ಕಿತು. ಹತ್ತಿಯ ಅರಳೆ, ಮಗ್ಗದ ನೂಲಿನ ಚೂರು, ಹರಿದ ಗೀತೆಪುಸ್ತಕದ ಹಾಳೆಗಳಿಂದ ಅಚ್ಚುಕಟ್ಟಾಗಿ ಕಟ್ಟಿದ ಗೂಡು. ಓಬರ್ನ್‌ಡೋರ್ಫ್‌ನ ಇಲಿ ಕಟ್ಟುಕಥೆಯಾದರೂ ನಮ್ಮದು ನಿಜ. ತಿದಿಯ ತೊಗಲಿನಲ್ಲಿ ತೂತಿದ್ದರೆ ತೆಳ್ಳನೆಯ ತೊಗಲಿನ ತೇಪೆಯನ್ನು ಅಂಟಿಸಿ. ಪ್ಲಾಸ್ಟಿಕ್ ಟೇಪು ಮಡಿಕೆಯಲ್ಲಿ ನಿಲ್ಲುವುದಿಲ್ಲ. ಸ್ವರವೊಂದು ಮೂಕವಾಗಿದ್ದರೆ ಅಥವಾ ಗುಂಯ್‌ಗುಡುತ್ತಿದ್ದರೆ ಬಹುತೇಕ ಆ ರೀಡಿನ ನಾಲಗೆಯ ಸಂದಿನಲ್ಲಿ ಧೂಳು ಕುಳಿತಿರುತ್ತದೆ. ತೆಳುವಾದ ಕಾಗದದ ಪಟ್ಟಿಯನ್ನು ನಾಲಗೆಯ ಕೆಳಗೆ ತೂರಿಸಿ ಮೆಲ್ಲಗೆ ಎಳೆಯಿರಿ. ಬ್ಲೇಡಿನಿಂದ ಕೆರೆಯಬೇಡಿ: ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ, ಒಮ್ಮೆ ಹೋದ ಹಿತ್ತಾಳೆ ಮರಳಿ ಬರುವುದಿಲ್ಲ.

25 ಮುಗಿದ ಮೇಲೆ ಹಾಡುವುದೇನು?

ಕ್ರಿಸ್ಮಸ್ ಕಾಲ 25ಕ್ಕೆ ತೊಡಗುತ್ತದೆ, ಮುಗಿಯುವುದಿಲ್ಲ. ಬಾಖ್‌ರ ಓರಟೋರಿಯೊದ ಆರು ಭಾಗಗಳು ಒಂದೇ ದಿನಕ್ಕಲ್ಲ. 1734ರ ಡಿಸೆಂಬರ್ 25, 26, 27ರಂದು ಮೂರು, 1735ರ ಹೊಸ ವರ್ಷದ ದಿನ ಒಂದು, ಅದರ ಮುಂದಿನ ರವಿವಾರ ಒಂದು, ಜನವರಿ 6ರಂದು ಜ್ಞಾನಿಗಳ ಭೇಟಿಯ ಭಾಗ, ಹೀಗೆ ಅವು ಲೈಪ್ಸಿಗ್‌ನಲ್ಲಿ ಹಂಚಿಹೋಗಿ ಕೇಳಿಬಂದವು. ನಮ್ಮಲ್ಲಿ 26ರಂದೇ ಪೇಟಿಗೆ ಹೊದಿಕೆ ಬೀಳುತ್ತದೆ. 24ಕ್ಕೆ ಒಂಬತ್ತು ಹಾಡು ತುಂಬುವ ಬದಲು ಐದನ್ನು ಹಾಡಿ, ನಕ್ಷತ್ರದ ಹಾಡನ್ನೂ ಜ್ಞಾನಿಗಳ ಹಾಡನ್ನೂ ಜನವರಿಯ ಮೊದಲ ರವಿವಾರಕ್ಕೆ ಎತ್ತಿಟ್ಟುಕೊಳ್ಳಿ. ರಜೆಗೆ ಊರಿಗೆ ಬಂದ ಮಕ್ಕಳು ಆಗ ಮರಳಿ ಹೋಗಿರುತ್ತಾರೆ, ವೃಂದದಲ್ಲಿ ಆರೇ ಜನ ಉಳಿದಿರುತ್ತಾರೆ. ಎರಡು ಧ್ವನಿಗೆ ಅಷ್ಟು ಸಾಕು.